ಡ್ಯಾನ್ಸ್‌ಹಾಲ್ ಲಯದ ಮಾತ್ರಾವಿಚಾರ

ಸಿಂಧನೂರು ತಾಲ್ಲೂಕಿನ ದಢೇಸುಗೂರಿನ ಸೀಮೆಯಲ್ಲಿಯೂ ಈಗ ಮೆರವಣಿಗೆಯ ಮುಂದೆ ಹಲಗೆಯೊಡನೆ ಡಿಜೆ ಮೊಳಗುವುದುಂಟು. ಅದರಲ್ಲಿ ಕೇಳಿಬರುವ ಲಯಗಳಲ್ಲೊಂದು ಜಮೈಕಾ ದ್ವೀಪದ ಡ್ಯಾನ್ಸ್‌ಹಾಲ್ ಸಂಗೀತದ್ದು. 1985ರಲ್ಲಿ ವೇಯ್ನ್ ಸ್ಮಿತ್ ಹಾಡಿದ ‘ಅಂಡರ್ ಮಿ ಸ್ಲೆಂಗ್ ಟೆಂಗ್’ ಎಂಬ ಗೀತವು, ಕ್ಯಾಸಿಯೊ ಕೀಬೋರ್ಡಿನಲ್ಲಿ ಮೊದಲೇ ಅಡಕವಾಗಿದ್ದ ತಾಳವನ್ನು ಹಿಡಿದು, ಆ ಸಂಗೀತವನ್ನು ವಿದ್ಯುನ್ಮಾನದ ಕಡೆಗೆ ತಿರುಗಿಸಿತು. 2009ರಲ್ಲಿ ವಾಷಿಂಗ್ಟನ್ನಿನ ಡೇವ್ ನಾಡಾ ಎಂಬಾತನು ಶೀಘ್ರಗತಿಯ ಕ್ಲಬ್ ಸಂಗೀತವನ್ನು ನಿಮಿಷಕ್ಕೆ 108 ಪೆಟ್ಟುಗಳಿಗೆ ಇಳಿಸಲು ‘ಮೂಂಬಾಟನ್’ ಎಂಬ ಮಿಶ್ರಣವು ಹುಟ್ಟಿತು.

ಈ ಲಯದ ಅಳತೆ ಎಂಟು ಮಾತ್ರೆ. ದೊಡ್ಡ ಪೆಟ್ಟು 4+4 ಎಂದು ನಡೆಯುವಾಗಲೇ ಸಣ್ಣ ಪೆಟ್ಟು ಅದೇ ಎಂಟನ್ನು 3+3+2 ಎಂದು ಒಡೆಯುತ್ತದೆ. ಮೂರು ನಾಲ್ಕುಗಳನ್ನು ಕಂಡೊಡನೆ ಇದು ನಮ್ಮ ಭಾಮಿನಿಯ ದಾಯಾದಿಯೆಂದು ಹಿಗ್ಗುವುದು ಸಲ್ಲದು. ಭಾಮಿನಿಯಲ್ಲಿ ಮೂರರ ಗಣವೂ ನಾಲ್ಕರ ಗಣವೂ ಒಂದರ ಬಳಿಕ ಒಂದು ಬರುತ್ತವೆ. ಇಲ್ಲಿಯಾದರೋ ಎರಡು ವಿಭಾಗಗಳು ಏಕಕಾಲದಲ್ಲಿ ಸಾಗುತ್ತವೆ. ಕುಣಿಯುವವನ ಕಾಲು ಒಂದನ್ನೂ ಸೊಂಟ ಇನ್ನೊಂದನ್ನೂ ಹಿಡಿಯುವುದು ಇದರಿಂದಲೇ.

ಸದ್ದು ಮಿತಿಮೀರಿತೆಂಬ ಆಕ್ಷೇಪಕ್ಕೆ ನನ್ನ ಸಮ್ಮತಿಯೂ ಉಂಟು. ಆದರೆ ಅದು ಲಯದ ದೋಷವಲ್ಲ. ಇದನ್ನು ಬರಿಯ ಗದ್ದಲವೆಂದು ತಳ್ಳುವ ಅಧ್ಯಾಪಕರು ಒಮ್ಮೆ ತೊಡೆಯ ಮೇಲೆ ನಾಲ್ಕು ನಾಲ್ಕು ಮಾತ್ರೆಗೆ ತಟ್ಟುತ್ತ, ಬಾಯಲ್ಲಿ ‘ತಕಿಟ ತಕಿಟ ತಕ’ ಎಂದು ಎಣಿಸಿ ನೋಡಲಿ. ಮೊದಲ ಮಾತ್ರೆಯಲ್ಲಿ ಮಾತ್ರ ಕೈಯೂ ಬಾಯೂ ಕೂಡುತ್ತವೆ.