ಮುಂಬಯಿ ಉಪನಗರ ರೈಲು: ರಸ್ತೆಯಿಂದ ಬೋಗಿಯವರೆಗಿನ ದಾರಿ

1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಯವರೆಗೆ 34 ಕಿಲೋಮೀಟರ್ ದೂರ ಸಾಗಿದ ರೈಲು ದೇಶದ ಪ್ರಯಾಣಿಕ ರೈಲು ಸಂಚಾರಕ್ಕೆ ನಾಂದಿಯಾಯಿತು. ಅದೇ ನಗರದಲ್ಲಿ 1925ರ ಫೆಬ್ರವರಿ 3ರಂದು ಕುರ್ಲಾದವರೆಗೆ ಮೊದಲ ವಿದ್ಯುತ್ ರೈಲು ಓಡಿತು. ಇಂದು ವಿರಾರ್, ಕಸಾರಾ, ಖೋಪೋಲಿ, ಪನವೇಲ್‌ಗಳವರೆಗೆ ಹಬ್ಬಿರುವ ಈ ಜಾಲವನ್ನು ದಿನವೂ ಲಕ್ಷಾಂತರ ಜನರು ಅವಲಂಬಿಸಿದ್ದಾರೆ. ಡೊಂಬಿವಲಿ, ಮುಲುಂಡ್, ಘಾಟ್ಕೋಪರ್‌ಗಳಲ್ಲಿ ನೆಲೆಸಿರುವ ಕನ್ನಡಿಗರಿಗೂ ಉದ್ಯೋಗ, ಆಸ್ಪತ್ರೆ, ನೆಂಟರ ಮನೆ ಎಲ್ಲಕ್ಕೂ ಇದೇ ದಾರಿ.

ಆದರೆ ಈ ದಾರಿ ಎಲ್ಲರಿಗೂ ಸಮಾನವಾಗಿ ತೆರೆದಿಲ್ಲ. ಗಾಲಿಕುರ್ಚಿಯಲ್ಲಿ ಬರುವವರು, ದೃಷ್ಟಿಹೀನರು, ವೃದ್ಧರು, ಗರ್ಭಿಣಿಯರು ರಸ್ತೆಯಿಂದ ಬೋಗಿಯೊಳಗಿನವರೆಗೆ ಎಲ್ಲಿಯೂ ತಡೆಯಿಲ್ಲದೆ ಸಾಗುವಂತಿದ್ದರೆ ಮಾತ್ರ ನಿಲ್ದಾಣವನ್ನು ಸುಗಮವೆನ್ನಬಹುದು. ನಡುವೆ ಒಂದೇ ಒಂದು ಕೊಂಡಿ ಕಳಚಿದರೂ ಉಳಿದ ಸೌಲಭ್ಯಗಳು ವ್ಯರ್ಥವಾಗುತ್ತವೆ.

ಈ ಕೊಂಡಿಗಳಲ್ಲಿ ಅತ್ಯಂತ ದುರ್ಬಲವಾದುದು ಕೊನೆಯದು, ಎಂದರೆ ಪ್ಲಾಟ್‌ಫಾರಂ ಮತ್ತು ಬೋಗಿಯ ನಡುವಣ ಅಂತರ. ಭಾರತೀಯ ರೈಲ್ವೆಯಲ್ಲಿ ಎತ್ತರದ ಪ್ಲಾಟ್‌ಫಾರಂಗಳಿಗೆ ಹಳಿಯ ಮಟ್ಟದಿಂದ 760ರಿಂದ 840 ಮಿಲಿಮೀಟರ್ ಎತ್ತರವನ್ನು ನಿಗದಿಪಡಿಸಲಾಗಿತ್ತು. ಉಪನಗರ ರೈಲಿನ ಬೋಗಿಯ ನೆಲ ಇದಕ್ಕಿಂತ ಸಾಕಷ್ಟು ಮೇಲಿರುತ್ತದೆ. 2014ರ ಜನವರಿಯಲ್ಲಿ ಘಾಟ್ಕೋಪರ್ ನಿಲ್ದಾಣದಲ್ಲಿ ವಿದ್ಯಾರ್ಥಿನಿಯೊಬ್ಬಳು ಈ ಸಂದಿನೊಳಗೆ ಜಾರಿಬಿದ್ದು ಎರಡೂ ಕೈಗಳನ್ನು ಕಳೆದುಕೊಂಡಳು. ಬಾಂಬೆ ಉಚ್ಚ ನ್ಯಾಯಾಲಯದಲ್ಲಿಯೂ ಈ ಪ್ರಶ್ನೆ ವಿಚಾರಣೆಗೆ ಬಂದಿತು. ತರುವಾಯ ಪ್ಲಾಟ್‌ಫಾರಂಗಳನ್ನು ಸುಮಾರು 900 ಮಿಲಿಮೀಟರ್ ಮಟ್ಟಕ್ಕೆ ಎತ್ತರಿಸುವ ಕಾರ್ಯವನ್ನು ಕೈಗೊಳ್ಳಲಾಯಿತು.

ಬೋಗಿಯ ನೆಲಕ್ಕೆ ಸಮನಾಗಿಯೇ ಏಕೆ ಎತ್ತರಿಸಬಾರದು ಎಂಬ ಪ್ರಶ್ನೆ ಸಹಜವಾದುದು. ಉಪನಗರ ರೈಲಿನ ಬೋಗಿ 3.66 ಮೀಟರ್ ಅಗಲವಿದ್ದರೆ ದೂರಪ್ರಯಾಣದ ಬೋಗಿಯ ಅಗಲ ಸುಮಾರು 3.25 ಮೀಟರ್. ಹಲವೆಡೆ ಒಂದೇ ಹಳಿಯ ಮೇಲೆ ಇವೆರಡೂ ಸಾಗಬೇಕಾಗುತ್ತದೆ. ಓಡುವಾಗ ಬೋಗಿಗಳು ಪಕ್ಕಕ್ಕೆ ತೂಗಾಡುವುದೂ ಉಂಟು. ಇವೆಲ್ಲಕ್ಕೂ ತಾಗದಂತೆ ಪ್ಲಾಟ್‌ಫಾರಂನ ಅಂಚನ್ನು ಕಟ್ಟಬೇಕು. ನಿಲ್ದಾಣವು ತಿರುವಿನಲ್ಲಿದ್ದರೆ ಸಂದು ಮತ್ತಷ್ಟು ಅಗಲವಾಗುತ್ತದೆ. ಇನ್ನೊಂದು ಕಾರಣ ಸಾಮಾನ್ಯರ ಕಣ್ಣಿಗೆ ಬೀಳುವುದಿಲ್ಲ. ಹಳಿಯನ್ನು ಸುಸ್ಥಿತಿಯಲ್ಲಿಡಲು ಅದರ ಕೆಳಗೆ ಆಗಾಗ ಜಲ್ಲಿ ತುಂಬಿ ಬಿಗಿಗೊಳಿಸುತ್ತಾರೆ. ಪ್ರತಿ ಸಲವೂ ಹಳಿ ಸ್ವಲ್ಪ ಮೇಲೇರುತ್ತದೆ, ಪ್ಲಾಟ್‌ಫಾರಂ ಇದ್ದಲ್ಲಿಯೇ ಇರುತ್ತದೆ. ಹೀಗೆ ಒಮ್ಮೆ ಸರಿಪಡಿಸಿದ ಎತ್ತರವೂ ಕಾಲಕ್ರಮದಲ್ಲಿ ತಗ್ಗುತ್ತಾ ಹೋಗುವುದರಿಂದ ಮತ್ತೆ ಮತ್ತೆ ಅಳೆದು ನೋಡುವುದು ಅವಶ್ಯಕ. 2002ರ ಡಿಸೆಂಬರ್‌ನಲ್ಲಿ ಆರಂಭವಾದ ದೆಹಲಿ ಮೆಟ್ರೋಗೆ ಈ ತೊಡಕಿರಲಿಲ್ಲ. ತನ್ನದೇ ರೈಲುಗಳಿಗೆ ಮೀಸಲಾದ ಹಳಿ ಇದ್ದುದರಿಂದ ಬೋಗಿ ಮತ್ತು ಪ್ಲಾಟ್‌ಫಾರಂಗಳನ್ನು ಒಂದೇ ಮಟ್ಟದಲ್ಲಿ ರೂಪಿಸುವುದು ಅಲ್ಲಿ ಸಾಧ್ಯವಾಯಿತು.

ಎರಡನೆಯ ದುರ್ಬಲ ಕೊಂಡಿ ಪಾದಚಾರಿ ಮೇಲುಸೇತುವೆ. ಗಿರಣಿ ಕಾರ್ಮಿಕರ ಕಾಲದಲ್ಲಿ ಬೆಳೆದ ಪರೇಲ್ ಪರಿಸರದಲ್ಲಿ ಗಿರಣಿಗಳು ಮುಚ್ಚಿ ಬಹುಮಹಡಿ ಕಚೇರಿಗಳು ತಲೆಯೆತ್ತಿದವು. ಕಿರಿದಾದ ಹಳೆಯ ಮೆಟ್ಟಿಲುಗಳು ಮಾತ್ರ ಹಾಗೆಯೇ ಉಳಿದವು. 2017ರ ಸೆಪ್ಟೆಂಬರ್ 29ರ ಬೆಳಗ್ಗೆ ಮಳೆಯ ವೇಳೆ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಸೇತುವೆಯಲ್ಲಿ ನೂಕುನುಗ್ಗಲುಂಟಾಗಿ 23 ಮಂದಿ ಪ್ರಾಣ ಕಳೆದುಕೊಂಡರು. ಅನಂತರ ಅಲ್ಲಿಯೂ ಕರಿ ರೋಡ್ ಮತ್ತು ಆಂಬಿವಲಿಗಳಲ್ಲಿಯೂ ಸೇನೆಯು ನಿರ್ಮಿಸಿದ ಸೇತುವೆಗಳು 2018ರ ಫೆಬ್ರವರಿಯಲ್ಲಿ ಬಳಕೆಗೆ ಬಂದವು. ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಹೆಸರು ಈಗ ಪ್ರಭಾದೇವಿ.

ಸೇತುವೆಗೆ ಏರಲು ಎಸ್ಕಲೇಟರ್ ಇದ್ದರೆ ವೃದ್ಧರಿಗೆ ಅನುಕೂಲವೇ. ಗಾಲಿಕುರ್ಚಿಗೆ ಅದು ಉಪಯೋಗವಿಲ್ಲ. ಇಳಿಜಾರು ದಾರಿಯು ಒಂದಕ್ಕೆ ಹನ್ನೆರಡರ ಪ್ರಮಾಣದಲ್ಲಿರಬೇಕು. ಎಂದರೆ ಆರು ಮೀಟರ್ ಏರಬೇಕಾದರೆ 72 ಮೀಟರ್ ಉದ್ದದ ದಾರಿ ಬೇಕು, ನಡುನಡುವೆ ನಿಂತು ದಣಿವಾರಿಸಿಕೊಳ್ಳುವ ಸ್ಥಳ ಬೇರೆ. ಮುಂಬಯಿಯ ಇಕ್ಕಟ್ಟಾದ ನಿಲ್ದಾಣಗಳಲ್ಲಿ ಇಷ್ಟು ಜಾಗ ದೊರೆಯುವುದು ಅಪರೂಪವಾದುದರಿಂದ ಲಿಫ್ಟ್ ಒಂದೇ ಉಪಾಯ. ಕೊನೆಯ ಗಳಿಗೆಯಲ್ಲಿ ರೈಲು ಬೇರೆ ಪ್ಲಾಟ್‌ಫಾರಂಗೆ ಬರುವುದೆಂದು ಘೋಷಿಸಿದಾಗ ಉಳಿದವರು ಓಡಿ ಸೇತುವೆ ದಾಟುತ್ತಾರೆ. ಲಿಫ್ಟಿಗಾಗಿ ಕಾಯಬೇಕಾದವರಿಗೆ ಆ ರೈಲು ತಪ್ಪಿದಂತೆಯೇ ಸರಿ. ಲಿಫ್ಟ್ ಅಳವಡಿಸುವುದರ ಜೊತೆಗೆ ಅದು ಸದಾ ಕೆಲಸ ಮಾಡುವಂತೆ ನೋಡಿಕೊಳ್ಳುವುದೂ ಅಷ್ಟೇ ಮುಖ್ಯ.

ಕಾನೂನು ಈ ವಿಷಯದಲ್ಲಿ ಬಹಳಷ್ಟು ಮುಂದೆ ಬಂದಿದೆ. 1995ರ ಅಂಗವಿಕಲರ ಅಧಿನಿಯಮವು ರೈಲು ಬೋಗಿಗಳನ್ನು ಅವರಿಗೆ ಅನುಕೂಲವಾಗುವಂತೆ ಮಾರ್ಪಡಿಸಬೇಕೆಂದು ವಿಧಿಸಿದ್ದರೂ ಆರ್ಥಿಕ ಸಾಮರ್ಥ್ಯದ ಮಿತಿಯೊಳಗೆ ಎಂಬ ಷರತ್ತನ್ನು ಸೇರಿಸಿತ್ತು. ವಿಳಂಬಕ್ಕೆ ಅದು ಸುಲಭವಾದ ನೆಪವನ್ನು ಒದಗಿಸುವಂತಿತ್ತು. ಅದರ ಸ್ಥಾನದಲ್ಲಿ ಬಂದ 2016ರ ಅಧಿನಿಯಮವು, ನಿಯಮಗಳು ಪ್ರಕಟವಾದ ದಿನದಿಂದ ಐದು ವರ್ಷಗಳೊಳಗೆ ಈಗಿರುವ ಸಾರ್ವಜನಿಕ ಕಟ್ಟಡಗಳನ್ನು ಸುಗಮಗೊಳಿಸಬೇಕೆಂದು ಅವಧಿಯನ್ನು ಗೊತ್ತುಪಡಿಸಿತು.

ಪ್ಲಾಟ್‌ಫಾರಂಗಳಲ್ಲಿ ಕಾಣುವ ಹಳದಿ ಹಾಸುಬಿಲ್ಲೆಗಳು ಅಲಂಕಾರಕ್ಕಾಗಿ ಹಾಕಿದವುಗಳಲ್ಲ. ಉದ್ದನೆಯ ಉಬ್ಬುಗೆರೆಗಳು ದೃಷ್ಟಿಹೀನರಿಗೆ ಮುಂದಿನ ದಾರಿಯನ್ನು ತೋರಿಸುತ್ತವೆ. ಉಬ್ಬುಚುಕ್ಕೆಗಳು ಅಂಚು, ಮೆಟ್ಟಿಲು ಸಮೀಪಿಸಿತೆಂದು ಎಚ್ಚರಿಸುತ್ತವೆ. ಅವುಗಳ ಮೇಲೆ ಸಾಮಾನು ಇಡುವುದು, ಗುಂಪುಗೂಡಿ ನಿಲ್ಲುವುದು ಅವರ ದಾರಿಯನ್ನು ಅಳಿಸಿದಂತೆ. ಅಂಗವಿಕಲರ ಬೋಗಿ ನಿಲ್ಲುವ ಸ್ಥಳವನ್ನು ಫಲಕದಿಂದಲೂ ಹಲವೆಡೆ ಬೀಪ್ ಶಬ್ದದಿಂದಲೂ ಸೂಚಿಸಲಾಗುತ್ತದೆ. ರೈಲು ನಿಲ್ಲುವುದು ಅರ್ಧ ನಿಮಿಷಕ್ಕೂ ಕಡಿಮೆಯಾದುದರಿಂದ ಅಲ್ಲಿಯೇ ಕಾಯುವುದು ಲೇಸು. ಕ್ಯಾನ್ಸರ್ ರೋಗಿಗಳೂ ಗರ್ಭಿಣಿಯರೂ ಈ ಬೋಗಿಯಲ್ಲಿ ಪ್ರಯಾಣಿಸಬಹುದು. ಅಂಗವಿಕಲರು ಪ್ರಮಾಣಪತ್ರವನ್ನು ಜೊತೆಯಲ್ಲಿಟ್ಟುಕೊಂಡಿರಬೇಕು. ನೆರವಿಗಾಗಿಯಾಗಲಿ ದೂರಿಗಾಗಿಯಾಗಲಿ ರೈಲ್ವೆ ಸಹಾಯವಾಣಿ 139ಕ್ಕೆ ಕರೆ ಮಾಡಬಹುದು.