ಪ್ರೀತಿಯೋ, ಹುಚ್ಚೋ? ಒಂದು ಜಪಾನೀ ಚಿತ್ರದ ಸುತ್ತ

ಶನಿವಾರ ಸಂಜೆಯಾದರೆ ನಮ್ಮ ಫೋರ್ಟಿಗೆ ಬೇರೆಯೇ ಒಂದು ಕಳೆ. ವಾರವಿಡೀ ಕಾಲಿಡಲು ಜಾಗವಿಲ್ಲದ ಹುತಾತ್ಮ ಚೌಕ, ಹಾರ್ನಿಮನ್ ಸರ್ಕಲಿನ ಆಸುಪಾಸು ಎಲ್ಲವೂ ಉಸಿರು ಬಿಟ್ಟು ಕುಳಿತಂತೆ ಕಾಣುತ್ತದೆ. ಅಂಥ ಹೊತ್ತಿನಲ್ಲೇ ನಮ್ಮ ಸಂಘದ ಕೋಣೆಯಲ್ಲಿ ಯುವ ವಿಭಾಗದ ಹುಡುಗ ಹುಡುಗಿಯರು ಸೇರುವುದು. ತಿಂಗಳಿಗೊಂದು ಸಿನಿಮಾ ನೋಡಿ, ಆಮೇಲೆ ಅದರ ಬಗ್ಗೆ ಕನ್ನಡದಲ್ಲಿ ಮಾತನಾಡಬೇಕೆಂಬುದು ಅವರೇ ಹಾಕಿಕೊಂಡ ನಿಯಮ. ಈ ಬಾರಿ ಅವರು ಆರಿಸಿದ ಚಿತ್ರ ಜಪಾನಿನ ಅನಿಮೆ, 'ಪರ್ಫೆಕ್ಟ್ ಬ್ಲೂ'.

"ಕಾರ್ಟೂನ್ ತಾನೆ? ಸಣ್ಣ ಮಕ್ಕಳನ್ನೂ ಕರೆದುಕೊಂಡು ಬರೋಣ" ಎಂದರು ಹಿರಿಯರೊಬ್ಬರು. ಚಿತ್ರದ ಬಗ್ಗೆ ಅಷ್ಟಿಷ್ಟು ಕೇಳಿ ತಿಳಿದಿದ್ದ ಇನ್ನೊಬ್ಬರು, "ಕೊಲೆ, ಬಲಾತ್ಕಾರ ಎಲ್ಲ ಇದೆಯಂತಲ್ಲ. ಪ್ರೀತಿಯ ಹೆಸರಿನಲ್ಲಿ ಇಂಥ ವಿಕಾರವನ್ನು ಸಂಘದ ಕೋಣೆಯಲ್ಲಿ ಯಾಕೆ ತೋರಿಸಬೇಕು?" ಎಂದು ಮುಖ ಗಂಟಿಕ್ಕಿದರು. ನಡುವೆ ಸಿಕ್ಕಿಬಿದ್ದವನು ನಾನು. "ಅಂಕಲ್, ನೀವು ಮೊದಲು ನೋಡಿ. ನೋಡಬಹುದೋ ಬೇಡವೋ ನೀವೇ ಹೇಳಿ" ಎಂದು ಹುಡುಗರು ಹೊಣೆಯನ್ನು ನನ್ನ ತಲೆಗೆ ಕಟ್ಟಿದರು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಇದೇ ಫೋರ್ಟಿನ ಬ್ಯಾಂಕೊಂದರಲ್ಲಿ ನಿವೃತ್ತನಾದ ನನಗೆ ಜಪಾನೀ ಚಿತ್ರದ ಗಂಧವೆಲ್ಲಿಂದ ಬರಬೇಕು? ಆದರೂ ನೋಡಿದೆ. ಒಮ್ಮೆಯಲ್ಲ, ಎರಡು ಬಾರಿ ನೋಡಿದೆ. ನೋಡಿದ ಮೇಲೆ ಅನ್ನಿಸಿದ್ದನ್ನು ಯುವಮಿತ್ರರಾದ ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾರ್ಟೂನ್ ಎಂದರೆ ಮಕ್ಕಳಿಗಷ್ಟೇ ಅಲ್ಲ

ಅನಿಮೆ ಎಂಬುದು ನಮಗೆ ಪರಕೀಯವೇನಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬೆಳಗ್ಗೆ ಬರುತ್ತಿದ್ದ ಮೋಗ್ಲಿಯನ್ನು ನಿಮ್ಮ ಅಪ್ಪ ಅಮ್ಮಂದಿರು ಮರೆತಿರಲಾರರು. ಅದು ಜಪಾನಿನಲ್ಲಿ ತಯಾರಾದದ್ದು. ಯುಗೋ ಸಾಕೋ ಮತ್ತು ನಮ್ಮ ರಾಮಮೋಹನ್ ಸೇರಿ ಮಾಡಿದ 'ರಾಮಾಯಣ' ಚಿತ್ರ 1992ರದ್ದು; 2025ರ ಜನವರಿಯಲ್ಲಿ ಮತ್ತೆ ನಮ್ಮ ಥಿಯೇಟರುಗಳಿಗೆ ಬಂತು. ಆದರೆ ಜಪಾನೀಯರು ಬರೆದ ಚಿತ್ರಗಳಲ್ಲಿ ಮಕ್ಕಳದ್ದೂ ಉಂಟು, ದೊಡ್ಡವರದ್ದೂ ಉಂಟು. ನಮ್ಮಲ್ಲಿ ಚಂದಮಾಮವೂ ಇತ್ತು, ಜನ್ನನ ಕಾವ್ಯವೂ ಇತ್ತು. ಎರಡೂ ಕಾಗದದ ಮೇಲೆಯೇ ಇದ್ದವು ಎಂದು ಎರಡನ್ನೂ ಒಂದೇ ಕಪಾಟಿಗೆ ಹಾಕುತ್ತೇವೆಯೇ?

'ಪರ್ಫೆಕ್ಟ್ ಬ್ಲೂ' ದೊಡ್ಡವರ ಚಿತ್ರ. ನಿರ್ದೇಶಕ ಸಾತೋಶಿ ಕೋನ್ ಹುಟ್ಟಿದ್ದು 1963ರಲ್ಲಿ, ನನ್ನ ವಾರಿಗೆಯವರು. ಇದು ಅವರ ಮೊದಲ ಚಿತ್ರ. ಯೋಶಿಕಾಜು ತಾಕೆಉಚಿಯವರ ಕಾದಂಬರಿಯೊಂದು ಇದಕ್ಕೆ ಮೂಲ. 1997ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಚಿತ್ರೋತ್ಸವದಲ್ಲಿ ಮೊದಲು ಕಾಣಿಸಿಕೊಂಡು, 1998ರಲ್ಲಿ ಜಪಾನಿನಲ್ಲಿ ಬಿಡುಗಡೆಯಾಯಿತು. 2010ರಲ್ಲಿ, ಐವತ್ತು ತುಂಬುವ ಮೊದಲೇ, ಕೋನ್ ಕ್ಯಾನ್ಸರಿನಿಂದ ತೀರಿಕೊಂಡರು.

ಕತೆಯನ್ನು ಪೂರ್ತಿ ಹೇಳಿ ನಿಮ್ಮ ಕುತೂಹಲ ಕೆಡಿಸಲಾರೆ. ಮೀಮಾ ಎಂಬ ಹುಡುಗಿ ಮೂವರ ಹಾಡುಗಾರ್ತಿಯರ ತಂಡದಲ್ಲಿದ್ದವಳು. ತಂಡ ಬಿಟ್ಟು ನಟಿಯಾಗಲು ಹೊರಡುತ್ತಾಳೆ. ಅವಳ ಅಭಿಮಾನಿಯೊಬ್ಬನಿಗೆ ಇದು ಸಹಿಸಲಾಗುವುದಿಲ್ಲ. ಅವನು ಪ್ರೀತಿಸಿದ್ದು ಫ್ರಾಕು ತೊಟ್ಟು ಹಾಡುವ ಗೊಂಬೆಯನ್ನು. ಆ ಗೊಂಬೆ ಹೇಳದೆ ಕೇಳದೆ ಹೆಣ್ಣಾಗಿಬಿಟ್ಟಿತಲ್ಲ! ಅಷ್ಟರಲ್ಲಿ ಇಂಟರ್‌ನೆಟ್ಟಿನಲ್ಲಿ ಅವಳದೇ ಹೆಸರಿನಲ್ಲಿ ಒಂದು ದಿನಚರಿ ಕಾಣಿಸಿಕೊಳ್ಳುತ್ತದೆ. ಇಂದು ಯಾವ ಕಾಲು ಮೊದಲಿಟ್ಟು ರೈಲಿನಿಂದ ಇಳಿದಳು, ಅಂಗಡಿಯಲ್ಲಿ ಏನು ಕೊಂಡಳು ಎಂಬುದೂ ಅದರಲ್ಲಿದೆ. ಬರೆದವಳು ತಾನಲ್ಲ! ಆಕೆಗೆ ಆಗ ಕಂಪ್ಯೂಟರ್ ಬಳಸಲೂ ಸರಿಯಾಗಿ ಬರುವುದಿಲ್ಲ. ಮೊದಲು ನಗುತ್ತಾಳೆ, ಆಮೇಲೆ ಬೆವರುತ್ತಾಳೆ. ಬರಬರುತ್ತ ನಿಜವಾದ ಮೀಮಾ ತಾನೋ ಅಥವಾ ಆ ದಿನಚರಿಯವಳೋ ಎಂದು ಅವಳಿಗೇ ಅನುಮಾನವಾಗತೊಡಗುತ್ತದೆ. ಸುತ್ತಮುತ್ತ ಕೊಲೆಗಳಾಗುತ್ತವೆ. ಅವಳನ್ನು 'ಪ್ರೀತಿಸಿ' ಕಾಡುವವನು ಆ ಅಭಿಮಾನಿ ಒಬ್ಬನೇ ಅಲ್ಲ ಎಂಬುದು ಕೊನೆಗೆ ಗೊತ್ತಾಗುತ್ತದೆ. ಇಷ್ಟು ಸಾಕು.

ಕ್ಯಾಂಟೀನಿನಲ್ಲಿ ನಕ್ಕ ನಾನು

ಚಿತ್ರ ಮುಗಿದಾಗ ನನಗೆ ನೆನಪಾದದ್ದು ಜಪಾನ್ ಅಲ್ಲ. 1994ರ ನಮ್ಮ ಬ್ಯಾಂಕಿನ ಕ್ಯಾಂಟೀನು.

1993ರ ಡಿಸೆಂಬರಿನಲ್ಲಿ ಯಶ್ ಚೋಪ್ರಾರ 'ಡರ್' ಬಿಡುಗಡೆಯಾಗಿತ್ತು. ನಮ್ಮ 'ಪ್ರೇಮಲೋಕ'ದ ನಾಯಕಿ ಜೂಹಿ ಚಾವ್ಲಾ ಅದರಲ್ಲಿ ಕಿರಣ್. ಸನ್ನಿ ದೇವಲ್ ನಾಯಕ. ಅವಳನ್ನು ಕಾಡುವವನು ಶಾರುಖ್ ಖಾನ್. ಸಿನಿಮಾದಲ್ಲಿ ಸೋತವನು ಶಾರುಖ್, ಥಿಯೇಟರಿನ ಹೊರಗೆ ಗೆದ್ದವನೂ ಅವನೇ. ನಾಯಕನ ಮಾತು ಯಾರಿಗೂ ನೆನಪುಳಿಯಲಿಲ್ಲ. ತೊದಲುತ್ತ ಅವನು ಕಿರಣಳ ಹೆಸರು ಕರೆಯುವ ರೀತಿ ಮಾತ್ರ ಗಲ್ಲಿಗಲ್ಲಿಯಲ್ಲಿ ಹುಡುಗರ ಬಾಯಿಪಾಠವಾಯಿತು. 2000ದಲ್ಲಿ ಇದೇ ಕತೆ 'ಪ್ರೀತ್ಸೆ' ಎಂದು ಕನ್ನಡಕ್ಕೂ ಬಂತು. ಶಿವರಾಜಕುಮಾರ್ ನಾಯಕ, ಕಾಡುವವನು ಉಪೇಂದ್ರ. ಅಲ್ಲಿಯೂ ಹುಡುಗರ ಚಪ್ಪಾಳೆ ಯಾರಿಗೆ ಸಿಕ್ಕಿತೆಂದು ಹೇಳಬೇಕಿಲ್ಲ.

ನಮ್ಮ ವಿಭಾಗದಲ್ಲಿ ಆಗ ಒಬ್ಬ ಸಹೋದ್ಯೋಗಿ ಮಹಿಳೆ ಇದ್ದರು. ಅವರನ್ನು ಪಕ್ಕದ ಕಟ್ಟಡದ ಒಬ್ಬ ದಿನವೂ ವಿ.ಟಿ. ಸ್ಟೇಷನ್ನಿನವರೆಗೆ ಹಿಂಬಾಲಿಸುತ್ತಿದ್ದ. ಇದು ನಮಗೆಲ್ಲ ಗೊತ್ತಿತ್ತು. ನಾವು ಮಾಡಿದ್ದೇನು? ಅವರು ಕ್ಯಾಂಟೀನಿಗೆ ಬಂದಾಗ ಯಾರೋ ಒಬ್ಬ ಶಾರುಖನ ಹಾಗೆ ತೊದಲಿ ಅವರ ಹೆಸರು ಕರೆಯುತ್ತಿದ್ದ. ನಾವು ನಗುತ್ತಿದ್ದೆವು. ನಾನೂ ನಕ್ಕಿದ್ದೇನೆ. ಅವರೊಬ್ಬರು ನಗುತ್ತಿರಲಿಲ್ಲ, ಚಹಾದ ಲೋಟ ಅರ್ಧಕ್ಕೇ ಇಟ್ಟು ಎದ್ದು ಹೋಗುತ್ತಿದ್ದರು. ಕೆಲವು ತಿಂಗಳಲ್ಲಿ ಉಪನಗರದ ಶಾಖೆಗೆ ವರ್ಗ ಕೇಳಿಕೊಂಡು ಹೋದರು. ಪೇಡಾ ಹಂಚಿ ಬೀಳ್ಕೊಟ್ಟೆವು. ಯಾಕೆ ಹೋಗುತ್ತೀರಿ ಎಂದು ಒಬ್ಬನೂ ಕೇಳಲಿಲ್ಲ.

'ಡರ್' ಮತ್ತು 'ಪರ್ಫೆಕ್ಟ್ ಬ್ಲೂ' ಎರಡರಲ್ಲೂ ಕಾಡುವವನಿದ್ದಾನೆ, ರಕ್ತವಿದೆ, ಭಯವಿದೆ. ವ್ಯತ್ಯಾಸವಿರುವುದು ಕಣ್ಣಿನಲ್ಲಿ. 'ಡರ್'ನಲ್ಲಿ ನಾವು ಬಹುಪಾಲು ಕಾಡುವವನ ಹೆಗಲ ಮೇಲಿನಿಂದ ಹುಡುಗಿಯನ್ನು ನೋಡುತ್ತೇವೆ. ಅವನಿಗೆ ಹಾಡಿದೆ, ಏಕಾಂತವಿದೆ, ನಮ್ಮ ಕನಿಕರವೂ ಇದೆ. ಜಪಾನೀ ಚಿತ್ರದಲ್ಲಿ ನಾವು ಮೀಮಾಳ ಕೋಣೆಯೊಳಗೆ ಕುಳಿತಿದ್ದೇವೆ. ಫೋನ್ ಬಡಿದಾಗ, ಕಾಗದ ಬಂದಾಗ ಬೆಚ್ಚುವವರು ನಾವು. ಅವಳ ತಲೆ ಸುತ್ತಿದರೆ ನಮ್ಮದೂ ಸುತ್ತುತ್ತದೆ. ಇದನ್ನು ನೋಡಿ ಯಾವ ಹುಡುಗನೂ ಆ ಅಭಿಮಾನಿಯ ಹಾಗೆ ಕ್ಯಾಂಟೀನಿನಲ್ಲಿ ಅಣಕ ಮಾಡಲಾರ.

ನಮ್ಮ ಹಿರಿಯ ಕವಿಗಳಿಗೆ ಗೊತ್ತಿತ್ತು

ಇಂಥ ಕತೆ ನಮ್ಮ ಸಂಸ್ಕೃತಿಗೆ ಹೊಂದುವುದಿಲ್ಲ ಎನ್ನುವ ಹಿರಿಯರಿಗೆ ಕೈಮುಗಿದು ಒಂದು ಮಾತು. ಜನ್ನ ಕವಿ 1230ರಲ್ಲಿ ಬರೆದ 'ಅನಂತನಾಥ ಪುರಾಣ'ದಲ್ಲಿ ಚಂಡಶಾಸನನ ಕತೆ ಬರುತ್ತದೆ. ಗೆಳೆಯ ವಸುಷೇಣನ ಅರಮನೆಗೆ ಅತಿಥಿಯಾಗಿ ಬಂದವನು ಗೆಳೆಯನ ಹೆಂಡತಿ ಸುನಂದೆಯನ್ನು ಕಂಡು ಮರುಳಾಗುತ್ತಾನೆ, ಅವಳನ್ನು ಅಪಹರಿಸಿ ಒಯ್ಯುತ್ತಾನೆ. ಅವಳು ಒಲಿಯುವುದಿಲ್ಲ. ಕೊನೆಗೆ ಅವಳ ಗಂಡನದ್ದೆಂದು ನಂಬಿಸಲು ಒಂದು ಕೃತಕ ತಲೆಯನ್ನು ಅವಳ ಮುಂದಿಡುತ್ತಾನೆ. ಅದನ್ನು ಕಂಡ ಸುನಂದೆ ಪ್ರಾಣ ಬಿಡುತ್ತಾಳೆ. ಚಂಡಶಾಸನ ಅವಳ ಚಿತೆಯಲ್ಲೇ ಸುಟ್ಟುಹೋಗುತ್ತಾನೆ. ಏಳು ನೂರ ತೊಂಬತ್ತಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಕನ್ನಡದ ಕವಿ ಇಂಥ ಪ್ರೀತಿಯ ಲೆಕ್ಕ ಹಾಕಿ ಮುಗಿಸಿದ್ದ: ಹಿಡಿದವನಿಗೆ ಸಿಕ್ಕಿದ್ದು ಒಂದು ಹೆಣ ಮಾತ್ರ.

ಇನ್ನು ಕೀಚಕನ ಕತೆ. ಮಳೆಗಾಲದಲ್ಲಿ ಊರಿನ ಮೇಳಗಳು ಮುಂಬಯಿಗೆ ಬಂದಾಗ ನೀವೂ ಅಪ್ಪನ ಜೊತೆ ಕುಳಿತು ನೋಡಿರಬಹುದು. ರಂಗಕ್ಕೆ ಬಂದ ಕೀಚಕನ ಶೃಂಗಾರ, ಠೀವಿ ಕಂಡು ಸಭೆ ನಗುತ್ತದೆ. ಆದರೆ ಅವನು ಸೈರಂಧ್ರಿಯಾಗಿದ್ದ ದ್ರೌಪದಿಯನ್ನು ವಿರಾಟನ ತುಂಬಿದ ಸಭೆಯವರೆಗೆ ಅಟ್ಟಿಸಿಕೊಂಡು ಬಂದು ಒದ್ದಾಗ ಆ ನಗೆ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ. ಅರಸ ಬಾಯಿಬಿಡುವುದಿಲ್ಲ. ಕಂಕನ ವೇಷದ ಧರ್ಮರಾಯ ಸಹನೆಯ ಮಾತು ಹೇಳುತ್ತಾನೆ. ಕೊನೆಗೆ ಅವಳು ರಾತ್ರಿ ಅಡುಗೆಮನೆಗೆ ಹೋಗಿ ಭೀಮನನ್ನು ಎಬ್ಬಿಸಬೇಕಾಗುತ್ತದೆ. ಚಿಕ್ಕವನಿದ್ದಾಗ ನನಗೆ ಈ ಪ್ರಸಂಗದಲ್ಲಿ ಇಷ್ಟವಾಗುತ್ತಿದ್ದದ್ದು ಭೀಮನ ಅಬ್ಬರ. ಈಗ ನೋಡಿದರೆ ಕಣ್ಣಿಗೆ ಹೊಡೆಯುವುದು ಆ ಸಭೆ. ನಮ್ಮ ಕ್ಯಾಂಟೀನು ವಿರಾಟನ ಸಭೆಯೇ ಆಗಿತ್ತು, ಅಲ್ಲವೇ?

ಚಿತ್ರ ಮುಗಿದ ಮೇಲೆ

ಕೊನೆಗೆ ನಾನು ತೀರ್ಪು ಕೊಟ್ಟೆ: ಹದಿನೆಂಟು ತುಂಬಿದವರು ಮಾತ್ರ ಬರಬಹುದು, ಎಂಥ ದೃಶ್ಯಗಳಿವೆಯೆಂದು ಮೊದಲೇ ತಿಳಿಸಬೇಕು, ಬೇಡವೆನಿಸಿದವರು ನಡುವೆ ಎದ್ದು ಹೋದರೆ ಯಾರೂ ತಮಾಷೆ ಮಾಡಬಾರದು. ಸುಮಾರು ಎಂಬತ್ತು ನಿಮಿಷದ ಚಿತ್ರ. ಮುಗಿದು ದೀಪ ಹಾಕಿದಾಗ ಯಾವಾಗಲೂ ಗಲಗಲ ಎನ್ನುವ ಕೋಣೆಯಲ್ಲಿ ಯಾರೂ ಮಾತನಾಡಲಿಲ್ಲ. ಆಗ ಮೂಲೆಯಲ್ಲಿದ್ದ ಒಬ್ಬಳು ಹುಡುಗಿ, ಹೆಸರು ಹೇಳುವುದು ಬೇಡ, ಅವಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಮೆಲ್ಲಗೆ ಹೇಳಿದಳು: "ಅಂಕಲ್, ನನ್ನ ಹಿಂದೆ ನಾಲ್ಕು ತಿಂಗಳಿಂದ ಒಬ್ಬ ಬರುತ್ತಿದ್ದಾನೆ."

ಆಫೀಸಿನ ಬಾಗಿಲಿನಿಂದ ಸ್ಟೇಷನ್ನಿನವರೆಗೆ ಬರುತ್ತಾನೆ. ಒಂದು ನಂಬರು ತಡೆದರೆ ಇನ್ನೊಂದರಿಂದ ಸಂದೇಶ. ಇಂದು ಯಾವ ಬಣ್ಣದ ಬಟ್ಟೆ ಹಾಕಿದ್ದಾಳೆಂದೂ ಅದರಲ್ಲಿ ಬರೆದಿರುತ್ತಾನೆ. "ಮನೆಯಲ್ಲಿ ಯಾಕಮ್ಮ ಹೇಳಲಿಲ್ಲ?" ಎಂದೆ. "ಹೇಳಿದರೆ ಅಮ್ಮ ಕೆಲಸ ಬಿಡು ಅಂತಾರೆ. ಅಣ್ಣ ಹೊಡೆದಾಟಕ್ಕೆ ಹೋಗ್ತಾನೆ" ಎಂದಳು. ಒಂದು ಕ್ಷಣ ನನಗೆ ಮಾತು ಹೊರಡಲಿಲ್ಲ. ಮುವತ್ತು ವರ್ಷಗಳ ಹಿಂದೆ ಅರ್ಧ ಕುಡಿದಿಟ್ಟ ಚಹಾದ ಲೋಟ ಕಣ್ಣ ಮುಂದೆ ಬಂತು.

ಈ ಬಾರಿ ಸಭೆ ಸುಮ್ಮನಿರಲಿಲ್ಲ. ಕಾನೂನು ಓದುತ್ತಿರುವ ನಮ್ಮ ಹುಡುಗಿಯೊಬ್ಬಳು ವಿವರಿಸಿದಳು. ಬೇಡವೆಂದ ಮೇಲೂ ಹೆಣ್ಣನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಸಂಪರ್ಕಿಸುವುದು, ಇಂಟರ್‌ನೆಟ್ಟಿನಲ್ಲಿ ಅವಳ ಬೆನ್ನು ಬೀಳುವುದು 2013ರಿಂದ ನಮ್ಮ ದೇಶದಲ್ಲಿ ಪ್ರತ್ಯೇಕ ಅಪರಾಧ. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 78ನೇ ಕಲಮಿನಲ್ಲಿದೆ. ಮೊದಲ ಸಲಕ್ಕೆ ಮೂರು ವರ್ಷದವರೆಗೆ, ಮತ್ತೆ ಮಾಡಿದರೆ ಐದು ವರ್ಷದವರೆಗೆ ಸೆರೆವಾಸ. ಸಂದೇಶಗಳನ್ನು ಅಳಿಸಬಾರದು, ದಿನ ಮತ್ತು ಹೊತ್ತು ಬರೆದಿಡಬೇಕು. ತಕ್ಷಣದ ಅಪಾಯವಿದ್ದರೆ 112ಕ್ಕೆ ಕರೆ ಮಾಡಬೇಕು.

ನಾವಿಬ್ಬರು ಹಿರಿಯರು ಅವಳ ಮನೆಗೆ ಹೋಗಿ ತಂದೆತಾಯಿಯ ಜೊತೆ ಮಾತನಾಡಿದೆವು. ಕೆಲಸ ಬಿಡಬೇಕಾದದ್ದು ಅವಳಲ್ಲ, ಚಾಳಿ ಬಿಡಬೇಕಾದದ್ದು ಅವನು ಎಂಬುದನ್ನು ಒಪ್ಪಿಸಲು ಎರಡು ಸಲ ಚಹಾ ಕುಡಿಯಬೇಕಾಯಿತು! ತಂದೆಯೇ ಜೊತೆಗೆ ಹೋಗಿ ಲಿಖಿತ ದೂರು ಕೊಟ್ಟರು. ಅಂದಿನಿಂದ ಅವನು ಕಾಣಿಸಿಕೊಂಡಿಲ್ಲ. ಹುಡುಗಿ ಅದೇ ಆಫೀಸಿಗೆ, ಅದೇ ಲೋಕಲಿಗೆ ಹೋಗುತ್ತಿದ್ದಾಳೆ. ಆದರೂ ಪ್ಲ್ಯಾಟ್‌ಫಾರ್ಮಿನಲ್ಲಿ ಒಮ್ಮೆ ಹಿಂತಿರುಗಿ ನೋಡುವ ಅಭ್ಯಾಸ ಹೋಗಿಲ್ಲವಂತೆ.

ಹಾಗಾದರೆ ನೋಡಬೇಕೇ?

ವಯಸ್ಸಾಗಿದ್ದರೆ ನೋಡಿ. ನಡುರಾತ್ರಿ ಒಬ್ಬರೇ ಮೊಬೈಲಿನಲ್ಲಿ ಬೇಡ. ನಂಬಿದ ನಾಲ್ವರೊಡನೆ ಕುಳಿತು ನೋಡಿ, ಆಮೇಲೆ ಮಾತನಾಡಿ. ಇಂಥ ಅನುಭವ ನಿಮಗೇ ಆಗಿದ್ದು, ನೆನೆದರೆ ಮೈ ನಡುಗುವಂತಿದ್ದರೆ ನೋಡದಿದ್ದರೂ ನಷ್ಟವೇನಿಲ್ಲ. ಹಿಂಸೆಯ ದೃಶ್ಯಗಳು ಕೆಲವು ಕಡೆ ಅಗತ್ಯಕ್ಕಿಂತ ಹೆಚ್ಚಾದವೆಂದು ನನಗೂ ಅನಿಸಿದೆ, ಅದನ್ನು ಮುಚ್ಚಿಡಲಾರೆ.

ಅನಿಮೆ ಇರಲಿ, ಹಿಂದಿ ಇರಲಿ, ಕನ್ನಡವಿರಲಿ, ಇಂಥ ಕತೆ ಎದುರಾದಾಗ ಎರಡು ಪ್ರಶ್ನೆ ಕೇಳಿ. ಇದನ್ನು ನಾನು ಯಾರ ಕಣ್ಣಿನಿಂದ ನೋಡುತ್ತಿದ್ದೇನೆ? ಕಾಡಿಸಿಕೊಂಡವರಿಗೆ ಈ ಕತೆಯಲ್ಲಿ ಅವರದೇ ಮನಸ್ಸು ಇದೆಯೇ, ಅಥವಾ ಬರೀ ಮುಖವೇ? ಮನಸ್ಸು ಇದೆಯಾದರೆ ಕತೆ ಎಷ್ಟೇ ಕತ್ತಲೆಯದ್ದಾದರೂ ನೋಡುವುದಕ್ಕೆ ಯೋಗ್ಯ. ಬರೀ ಮುಖವಿದ್ದರೆ, ಹಾಡು ಎಷ್ಟೇ ಇಂಪಾಗಿದ್ದರೂ ಎಚ್ಚರ.

ಹೆತ್ತವರಿಗೂ ಒಂದು ಮಾತು. ಮೀಮಾಳನ್ನು ಕಾಡಿದವರೆಲ್ಲ ಅವಳ ಶತ್ರುಗಳಲ್ಲ. 'ನೀನು ಮೊದಲಿನ ಹಾಗೆಯೇ ಇರಬೇಕು' ಎಂದು ಹಟ ಹಿಡಿದವರು. ಮಕ್ಕಳ ಮೇಲಿನ ನಮ್ಮ ಪ್ರೀತಿಯಲ್ಲೂ ಈ ಹಟದ ಒಂದು ಎಳೆ ಇದೆಯೇ ಎಂದು ನಾವೂ ನೋಡಿಕೊಳ್ಳೋಣ. ಮಗಳು ತನ್ನ ಸಂಕಟ ಹೇಳಿಕೊಳ್ಳಲು ಸಂಘದ ಕೋಣೆಯ ದೀಪ ಹತ್ತುವವರೆಗೆ ಕಾಯಬೇಕಾಗಿ ಬಾರದಿರಲಿ.

ಮುಂದಿನ ತಿಂಗಳ ಚಿತ್ರ ಯಾವುದೆಂದು ಹುಡುಗರು ಇನ್ನೂ ಹೇಳಿಲ್ಲ. ಯಾವುದಾದರೂ ಸರಿ, ಈ ಸಲ ನಾನಾಗಿಯೇ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ನೀವೂ ಬನ್ನಿ.