ಖಡಕಿಯ ಮಗ್ಗುಲಲ್ಲಿ ತೂಗುವ ಗುಂಡು

ಪುಣೆಯಿಂದ ಲೋಣಾವಳದ ಕಡೆ ಹೊರಟ ಲೋಕಲ್ ರೈಲು ಶಿವಾಜಿನಗರ ದಾಟಿದರೆ ಮುಂದಿನ ನಿಲ್ದಾಣ ಖಡಕಿ. ಹೆಸರು ಕೇಳಿದೊಡನೆ ನೆನಪಾಗುವುದು ದಂಡಿನ ಪ್ರದೇಶ, ಮದ್ದುಗುಂಡಿನ ಕಾರ್ಖಾನೆ, 1817ರಲ್ಲಿ ಪೇಶ್ವೆಯ ಸೈನ್ಯಕ್ಕೂ ಇಂಗ್ಲಿಷರಿಗೂ ನಡೆದ ಕಾಳಗ. ಅದರ ಮಗ್ಗುಲಿಗೇ ಗಣೇಶಖಿಂಡ. ಅಲ್ಲಿನ ವಿಶ್ವವಿದ್ಯಾಲಯದ ಆವರಣದಲ್ಲಿ, ಊರಿನವರು 'ಆಯುಕಾ' ಎಂದು ಕರೆಯುವ ಖಗೋಳ ಸಂಶೋಧನಾ ಕೇಂದ್ರ 1988ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಉದ್ದನೆಯ ತಂತಿಯ ತುದಿಗೆ ಭಾರದ ಗುಂಡೊಂದು ತೂಗುತ್ತದೆ. ಅದರ ಹೆಸರು ಫೂಕೋ ಲೋಲಕ.

ಗುಂಡು ಅತ್ತಿಂದಿತ್ತ ತೂಗುತ್ತಿರುವಂತೆಯೇ ಅದು ತೂಗುವ ದಿಕ್ಕು ಮೆಲ್ಲಮೆಲ್ಲಗೆ ತಿರುಗುತ್ತದೆ. ಅದನ್ನು ಯಾರೂ ತಿರುಗಿಸುತ್ತಿಲ್ಲ. ಹಾಗಿದ್ದರೆ ತಿರುಗುತ್ತಿರುವುದು ಕೆಳಗಿನ ನೆಲವೇ. 1851ರಲ್ಲಿ ಪ್ಯಾರಿಸ್ಸಿನಲ್ಲಿ ಲಿಯೋನ್ ಫೂಕೋ ಜನರ ಮುಂದಿಟ್ಟ ತರ್ಕ ಇಷ್ಟೇ. ಧ್ರುವದಲ್ಲಾದರೆ ಈ ಸುತ್ತು ಹೆಚ್ಚುಕಡಿಮೆ ಒಂದು ದಿನದಲ್ಲಿ ಮುಗಿಯುತ್ತದೆ. ಪ್ಯಾರಿಸ್ಸಿನಲ್ಲಿ ಅದಕ್ಕೆ ಸುಮಾರು 32 ಗಂಟೆ ಬೇಕು, ಪುಣೆಯಲ್ಲಿ ಸುಮಾರು 75 ಗಂಟೆ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವರೂ ಗಡಿಯಾರ ಹಿಡಿದು ಇದನ್ನು ನೋಡಿದರೆ ಭೂಮಿ ತಿರುಗುತ್ತಿದೆಯೆಂದು ತಿಳಿಯಬಹುದು. ತಾವು ಸಮಭಾಜಕದಿಂದ ಎಷ್ಟು ದೂರದಲ್ಲಿದ್ದೇವೆಂಬುದನ್ನೂ ಲೆಕ್ಕ ಹಾಕಬಹುದು. ಸೂರ್ಯನನ್ನೂ ನಕ್ಷತ್ರವನ್ನೂ ನೋಡದೆಯೇ!

ಬೆಂಗಳೂರಿನಲ್ಲಿ ಹುಟ್ಟಿದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ ಅವರು ಹೀಗೆ ಕೂತಲ್ಲೇ ತರ್ಕಿಸುವುದರಲ್ಲಿ ಇನ್ನೂ ದೂರ ಹೋದರು. ಕಪ್ಪುಕುಳಿಗಳು ನಿಜವಾಗಿ ಇವೆಯೋ ಇಲ್ಲವೋ ಎಂದು ಜಗತ್ತು ಅನುಮಾನಿಸುತ್ತಿದ್ದ ಕಾಲ. ಐನ್‌ಸ್ಟೈನರ ಸಮೀಕರಣಗಳನ್ನು ಹಿಡಿದು, ಕಪ್ಪುಕುಳಿಯ ಮೇಲೆ ಗುರುತ್ವದ ಅಲೆ ಬಡಿದರೆ ಏನಾದೀತೆಂದು ಅವರು ಲೆಕ್ಕ ಹಾಕಿದರು. 1970ರಲ್ಲಿ ಪ್ರಕಟವಾದ ಉತ್ತರ ಬೆರಗು ಹುಟ್ಟಿಸುವಂಥದ್ದು. ಹೊಡೆದ ಗಂಟೆಯ ನಾದ ಕ್ಷೀಣಿಸುತ್ತ ಅಡಗುವಂತೆ ಕಪ್ಪುಕುಳಿಯೂ ಮಿಡಿದು ಶಾಂತವಾಗುತ್ತದೆ, ಆ ಮಿಡಿತದಲ್ಲಿ ಅದರ ತೂಕದ ಗುರುತಿರುತ್ತದೆ.

ನಲವತ್ತೈದು ವರ್ಷ ಕಳೆಯಿತು. 2015ರ ಸೆಪ್ಟೆಂಬರ್ 14ರಂದು, ಸುಮಾರು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ಕಪ್ಪುಕುಳಿಗಳು ಒಂದಾದಾಗ ಎದ್ದ ಅಲೆ ಅಮೆರಿಕದ ಲೈಗೋ ಉಪಕರಣಗಳಿಗೆ ಸಿಕ್ಕಿತು. ಅಲೆಯ ಕೊನೆಯ ಭಾಗ ಲೆಕ್ಕದಲ್ಲಿದ್ದಂತೆಯೇ ಅಡಗಿತ್ತು. ಒಂದು ಕ್ಷಣವೂ ಬಾಳದ ಆ ಸದ್ದನ್ನು ಗದ್ದಲದಿಂದ ಹೆಕ್ಕಿ ತೆಗೆಯಲು ಅದರ ಆಕಾರ ಮೊದಲೇ ಗೊತ್ತಿರಬೇಕಿತ್ತು. ಈ ಹೆಕ್ಕುವ ವಿಧಾನಕ್ಕೆ ತಳಹದಿ ಹಾಕಿದವರಲ್ಲಿ ಇದೇ ಆಯುಕಾದ ಸಂಜೀವ ಧುರಂಧರ್ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಓದಿ ಬಂದ ಬಿ. ಎಸ್. ಸತ್ಯಪ್ರಕಾಶ್ ಅವರ ಜೊತೆಗೂಡಿದ್ದರು. ಅವರಿಬ್ಬರ ಪ್ರಬಂಧ ಹೊರಬಂದದ್ದು 1991ರಲ್ಲಿ. ಕೇಳುವ ಕಿವಿ ಸಿದ್ಧವಾಗುವ ಎಷ್ಟೋ ಮೊದಲೇ ಏನು ಕೇಳಿಸಬೇಕೆಂದು ತಿಳಿದಿತ್ತು. 2017ರ ಜನವರಿಯಲ್ಲಿ ತೀರಿಕೊಂಡ ವಿಶ್ವೇಶ್ವರರಿಗೆ ತಮ್ಮ ಲೆಕ್ಕ ನಿಜವಾದ ಸುದ್ದಿ ಕೇಳುವ ಭಾಗ್ಯ ಸಿಕ್ಕಿತೆಂಬುದು ಸಂತೋಷದ ಮಾತು.

ಹಾಗಾದರೆ ಕೂತಲ್ಲೇ ಕೂತು ತರ್ಕಿಸಿದರೆ ವಿಶ್ವವೆಲ್ಲ ತಿಳಿದೀತೇ?

ನಮ್ಮ ತರ್ಕಶಾಸ್ತ್ರದ ಪಂಡಿತರಾದ ನೈಯಾಯಿಕರು ಇದನ್ನು ಬಹಳ ಹಿಂದೆಯೇ ಯೋಚಿಸಿದ್ದರು. ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ ಎಂಬುದು ತರ್ಕ ಕಲಿಯುವವರ ಮೊದಲ ಪಾಠ. 'ಹೊಗೆಯಿದ್ದಲ್ಲಿ ಬೆಂಕಿ' ಎಂಬ ನಿಯಮಕ್ಕೆ ಅವರು ವ್ಯಾಪ್ತಿ ಎಂದು ಹೆಸರಿಟ್ಟರು. ಅದಕ್ಕೆ ಅವರು ತೋರಿಸುವ ಆಧಾರ ಅಡುಗೆಮನೆ! ಅಲ್ಲಿ ಒಲೆ, ಹೊಗೆ ಎರಡನ್ನೂ ಒಟ್ಟಿಗೆ ಕಂಡವರಿಗೆ ಮಾತ್ರ ಬೆಟ್ಟದ ಮಾತು ಸಲ್ಲುತ್ತದೆ. ಅದನ್ನೇ ತಿರುಗಿಸಿ 'ಬೆಂಕಿಯಿದ್ದಲ್ಲಿ ಹೊಗೆ' ಎಂದರೆ ತಪ್ಪು. ಕಾದು ಕೆಂಪಗಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ವಿಶ್ವದ ವಿಷಯಕ್ಕೆ ಬಂದರೆ ತೊಡಕು ಇಲ್ಲೇ. ಒಂದು ವಿಶ್ವವನ್ನು ಇನ್ನೊಂದರ ಪಕ್ಕದಲ್ಲಿಟ್ಟು ಹೋಲಿಸುವಂಥ ಅಡುಗೆಮನೆ ಯಾರ ಬಳಿಯೂ ಇಲ್ಲ.

ಆಯುಕಾವನ್ನು ಕಟ್ಟಿ ಬೆಳೆಸಿದ ಜಯಂತ ನಾರಳೀಕರ್ ಅವರ ಬದುಕೇ ಇದಕ್ಕೆ ಸಾಕ್ಷಿ. ಕೊಲ್ಹಾಪುರದಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ ಅವರು ಫ್ರೆಡ್ ಹಾಯ್ಲ್ ಅವರ ಶಿಷ್ಯರು. ಹಾಯ್ಲ್ ಮತ್ತು ಅವರ ಗೆಳೆಯರು 1948ರಲ್ಲಿ ಮುಂದಿಟ್ಟ ಸ್ಥಿರಸ್ಥಿತಿ ಸಿದ್ಧಾಂತ ನೋಡಲು ಬಹಳ ಚೆಂದ. ವಿಶ್ವ ಯಾವ ಜಾಗದಿಂದ ನೋಡಿದರೂ ಒಂದೇ ತೆರನಾಗಿ ಕಾಣುವುದಾದರೆ, ಯಾವ ಕಾಲದಲ್ಲಿ ನೋಡಿದರೂ ಹಾಗೇ ಏಕೆ ಕಾಣಬಾರದು? ವಿಶ್ವ ಹಿಗ್ಗುತ್ತಿರುವುದು ನಿಜ, ಆದ್ದರಿಂದ ತೆಳುವಾಗಬೇಕು. ತೆಳುವಾಗಬಾರದೆಂದರೆ ಹೊಸ ದ್ರವ್ಯ ಹುಟ್ಟುತ್ತಲೇ ಇರಬೇಕು. ಬೇಕಾಗುವುದೂ ಅತ್ಯಲ್ಪ, ಒಂದು ಘನ ಮೀಟರಿಗೆ ನೂರಾರು ಕೋಟಿ ವರ್ಷಕ್ಕೊಂದು ಹೈಡ್ರೋಜನ್ ಪರಮಾಣು. ತರ್ಕದಲ್ಲಿ ಎಲ್ಲೂ ಬಿರುಕಿಲ್ಲ. ಆದರೆ 1965ರಲ್ಲಿ, ಆಕಾಶದ ಎಲ್ಲ ದಿಕ್ಕಿನಿಂದಲೂ ಒಂದೇ ಸಮನೆ ಬರುವ ಕ್ಷೀಣ ವಿಕಿರಣ ಪತ್ತೆಯಾಯಿತು. ಹಿಂದೊಮ್ಮೆ ವಿಶ್ವ ಕುದಿಯುತ್ತಿತ್ತು ಎಂಬುದಕ್ಕೆ ಅದು ಗುರುತು. ಸೋತದ್ದು ತರ್ಕವಲ್ಲ, ಅದು ನಿಂತಿದ್ದ ಮೊದಲ ಊಹೆ. ಅದು ಸೋತಿತೆಂದು ಹೇಳುವ ಶಕ್ತಿ ಇದ್ದದ್ದು ಆಕಾಶಕ್ಕೆ ಮಾತ್ರ.

2025ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೂ ನಾರಳೀಕರ್ ವಿಶ್ವ ಮಹಾಸ್ಫೋಟದಿಂದ ಶುರುವಾಯಿತೆಂಬ ವಾದವನ್ನು ಪೂರ್ತಿ ಒಪ್ಪಲಿಲ್ಲ. ಹೆಚ್ಚಿನ ವಿಜ್ಞಾನಿಗಳು ಅವರ ಜೊತೆ ಹೋಗಲಿಲ್ಲ, ಅದು ಸರಿಯೇ. ಆದರೂ ಎಲ್ಲರೂ ತಲೆಯಾಡಿಸುವ ಮಾತನ್ನು ಕೊನೆಯವರೆಗೆ ಕೆದಕಿ ಕೇಳಿದವರ ಬಗ್ಗೆ ಗೌರವ ಹುಟ್ಟುತ್ತದೆ. ಅವರ ಪ್ರಶ್ನೆ ಕೇಳುವ ಗುಣ ನೆಲದ ಮೇಲೂ ಕೆಲಸಕ್ಕೆ ಬಂತು. 2008ರಲ್ಲಿ, ಮೂಢನಂಬಿಕೆಯ ವಿರುದ್ಧ ಹೋರಾಡುತ್ತಿದ್ದ ನರೇಂದ್ರ ದಾಭೋಳ್ಕರ್ ಮೊದಲಾದವರ ಜೊತೆ ಅವರು ಜ್ಯೋತಿಷಿಗಳಿಗೊಂದು ಪರೀಕ್ಷೆ ಇಟ್ಟರು. ಜಾಣ ವಿದ್ಯಾರ್ಥಿಗಳ 100 ಜಾತಕ, ಬುದ್ಧಿಮಾಂದ್ಯ ಮಕ್ಕಳ 100 ಜಾತಕ, ಒಬ್ಬೊಬ್ಬರಿಗೆ 40. ಯಾವುದು ಯಾರದೆಂದು ಹೇಳಬೇಕು. ಉತ್ತರ ಕಳಿಸಿದವರು 27 ಮಂದಿ. ಸರಿಯಾದದ್ದು ಶೇ. 46, ನಾಣ್ಯ ಚಿಮ್ಮಿದರೆ ಸಿಗುವುದಕ್ಕಿಂತ ಕಡಿಮೆ. ಯಾವ ಉತ್ತರ ಬಂದರೆ ಗೆಲುವು, ಯಾವುದು ಬಂದರೆ ಸೋಲು ಎಂಬುದು ಮೊದಲೇ ನಿಗದಿಯಾಗಿದ್ದುದರಿಂದ ಆಮೇಲೆ ಜಾರಿಕೊಳ್ಳಲು ದಾರಿಯಿರಲಿಲ್ಲ.

ಆಕಾಶವೇ ತೀರ್ಪು ಹೇಳಬೇಕಾದ ಪ್ರಶ್ನೆ ಈಗಲೂ ಒಂದಿದೆ. ಪುಣೆಯಿಂದ ಉತ್ತರಕ್ಕೆ ಸುಮಾರು 80 ಕಿಲೋಮೀಟರ್ ಹೋದರೆ, ನಾರಾಯಣಗಾವ್ ಹತ್ತಿರದ ಖೋಡದ್‌ನಲ್ಲಿ ಜಿಎಂಆರ್‌ಟಿ ರೇಡಿಯೋ ದೂರದರ್ಶಕವಿದೆ. ತಲಾ 45 ಮೀಟರ್ ಅಗಲದ 30 ಬಟ್ಟಲುಗಳು. ಗಣೇಶಖಿಂಡದ ರೇಡಿಯೋ ಖಗೋಳ ಕೇಂದ್ರದವರು ಇದನ್ನು ನಡೆಸುತ್ತಾರೆ. ಗಡಿಯಾರದ ಹಾಗೆ ಮಿಡಿಯುವ ಪಲ್ಸಾರ್ ನಕ್ಷತ್ರಗಳನ್ನು ಇದರಿಂದ ವರ್ಷಗಟ್ಟಲೆ ಗಮನಿಸಿದ ಭಾರತ–ಜಪಾನ್ ತಂಡ, ಯುರೋಪಿನವರ ಜೊತೆಗೂಡಿ, 2023ರ ಜೂನ್‌ನಲ್ಲಿ ಒಂದು ಸುದ್ದಿ ಕೊಟ್ಟಿತು. ಒಂದು ಏರಿಳಿತಕ್ಕೇ ವರ್ಷಗಳು ಹಿಡಿಯುವ ಗುರುತ್ವದ ಅಲೆಗಳ ಗುಂಯ್‌ಗುಟ್ಟುವಿಕೆ ವಿಶ್ವದಲ್ಲೆಲ್ಲ ಹಬ್ಬಿರುವ ಸುಳಿವು ಸಿಕ್ಕಿದೆ. ಗೆಲಾಕ್ಸಿಗಳ ಕೇಂದ್ರದ ದೈತ್ಯ ಕಪ್ಪುಕುಳಿಗಳು ಜೋಡಿಯಾಗಿ ಸುತ್ತುವುದರಿಂದ ಅದು ಹುಟ್ಟಿರಬಹುದು. ವಿಶ್ವದ ಎಳವೆಯಲ್ಲಿ ನಡೆದ ಯಾವುದೋ ಘಟನೆಯ ಉಳಿಕೆಯೂ ಆಗಿರಬಹುದು. ಎರಡಕ್ಕೂ ಸಮೀಕರಣಗಳಿವೆ. ಯಾವುದು ನಿಜವೆಂದು ತೀರ್ಮಾನಿಸಲು ಬೇಕಾದ್ದು ಇನ್ನಷ್ಟು ವರ್ಷಗಳ ಮಿಡಿತದ ದಾಖಲೆ. ಅದನ್ನು ಕೂಡಿಸಲು ಖೋಡದ್‌ನ ಬಟ್ಟಲುಗಳು ಅದೇ ಪಲ್ಸಾರ್‌ಗಳ ಕಡೆಗೆ ಮತ್ತೆ ಮತ್ತೆ ತಿರುಗುತ್ತಿವೆ.